ಯುದ್ಧ ಆದ ದೇಶದಲ್ಲಿ ನೀರಾವರಿ ಎಲ್ಲಿಂದ ಶುರು ಮಾಡ್ಬೇಕು? ಡ್ಯಾಮಿಂದನಾ, ಹಳೇ ಕಾಲುವೆಯಿಂದನಾ?

ಪ್ರಶ್ನೆ: ನಾನು ಅಗ್ರಿಕಲ್ಚರಲ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೀನಿ ಸರ್. ಅಫ್ಘಾನಿಸ್ತಾನದಲ್ಲಿ ನಮ್ಮ ದೇಶ ಸಲ್ಮಾ ಡ್ಯಾಮ್ ಕಟ್ಟಿಕೊಟ್ಟಿದೆ, ಅಮೆರಿಕ, ವರ್ಲ್ಡ್ ಬ್ಯಾಂಕ್ ಎಲ್ಲಾ ನೀರಾವರಿಗೆ ದುಡ್ಡು ಹಾಕಿದಾರೆ ಅಂತ ಓದಿದೆ. ಆದ್ರೂ ಅಲ್ಲಿ ಒಂದು ವರ್ಷ ಮಳೆ, ಹಿಮ ಕಮ್ಮಿ ಆದ್ರೆ ಬೆಳೆ ಹೋಗುತ್ತೆ. ಯುದ್ಧ ಆದ ದೇಶದಲ್ಲಿ ನೀರಾವರಿ ಮತ್ತೆ ಕಟ್ಬೇಕು ಅಂದ್ರೆ ಮೊದಲು ಏನು ಮಾಡ್ಬೇಕು? ದೊಡ್ಡ ಡ್ಯಾಮ್ ಮುಖ್ಯನಾ? ಪ್ರಾಜೆಕ್ಟ್‌ಗೆ ಈ ವಿಷಯ ತಗೋಬಹುದಾ?

ಉತ್ತರ: ಪ್ರಾಜೆಕ್ಟ್‌ಗೆ ಖಂಡಿತ ತಗೊಳ್ಳಿ, ಅದರ ಬಗ್ಗೆ ಕೊನೆಗೆ ಹೇಳ್ತೀನಿ. ಮೊದಲನೇ ಪ್ರಶ್ನೆಗೆ ನೇರ ಉತ್ತರ ಏನಂದ್ರೆ, ನದಿಯಿಂದ ಕಾಲುವೆಗೆ ನೀರು ತಿರುಗೋ ಜಾಗ ಇದೆಯಲ್ಲ ಅಲ್ಲಿಂದ ಶುರು ಮಾಡ್ಬೇಕು, ಜೊತೆಗೇ ಆ ನೀರನ್ನ ಊರೂರಿಗೆ ಹಂಚೋ ಮನುಷ್ಯನ ಹತ್ರ ಹೋಗಿ ಕೂತು ಮಾತಾಡ್ಬೇಕು. ಡ್ಯಾಮ್ ಬೇಡ ಅಂತ ನಾನು ಹೇಳ್ತಿಲ್ಲ, ಬೇಕು, ಆದ್ರೆ ಡ್ಯಾಮಿನ ಸರದಿ ಆಮೇಲೆ ಬರುತ್ತೆ. ಈ ಕ್ರಮ ತಲೆಕೆಳಗಾಗಿದ್ದಕ್ಕೇ ಅಫ್ಘಾನಿಸ್ತಾನದಲ್ಲಿ ಅಷ್ಟು ದುಡ್ಡು ಹೋದ್ರೂ ಹೊಲಕ್ಕೆ ನೀರು ಸರಿಯಾಗಿ ಬರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆ ದೇಶದ ನೀರು ಎಲ್ಲಿಂದ ಬರುತ್ತೆ ಅಂತ ತಿಳ್ಕೊಂಡ್ರೆ ಮಿಕ್ಕಿದ್ದೆಲ್ಲ ಅರ್ಥ ಆಗುತ್ತೆ. ನಮ್ಮ ಹಾಗೆ ಮುಂಗಾರು ಅನ್ನೋದು ಅಲ್ಲಿಲ್ಲ, ಪೂರ್ವದ ಗಡಿ ಕಡೆ ಸ್ವಲ್ಪ ಬಿಟ್ರೆ. ಚಳಿಗಾಲದಲ್ಲಿ ಹಿಂದೂಕುಶ್ ಬೆಟ್ಟದ ಮೇಲೆ ಬೀಳೋ ಹಿಮ ವಸಂತದಲ್ಲಿ ಕರಗಿ ನದಿಗೆ ಇಳಿಯುತ್ತೆ, ದೇಶದ ನೀರಿನಲ್ಲಿ ಸುಮಾರು ಶೇ. 80 ಭಾಗ ಆ ಬೆಟ್ಟದ ಹಿಮದಿಂದಲೇ ಬರೋದು ಅಂತ ಲೆಕ್ಕ. ಹಾಗಾಗಿ ಮೇ, ಜೂನ್‌ನಲ್ಲಿ ನದಿ ತುಂಬಿ ದಡ ಕೊಚ್ಕೊಂಡು ಹೋಗುತ್ತೆ, ಎರಡನೇ ಬೆಳೆಗೆ, ದ್ರಾಕ್ಷಿ ದಾಳಿಂಬೆ ತೋಟಕ್ಕೆ ನೀರು ಬೇಕಾದ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಎಷ್ಟೋ ನದಿಗಳಲ್ಲಿ ಕಲ್ಲು ಕಾಣ್ತಿರುತ್ತೆ. ಇನ್ನೊಂದು ವಿಷಯ ನೆನಪಿಟ್ಕೊಳ್ಳಿ, ಅಲ್ಲಿಯ ನೀರಾವರಿ ಜಮೀನಿನಲ್ಲಿ ಬಹುಪಾಲು ಸರ್ಕಾರ ಕಟ್ಟಿದ ಯೋಜನೆಗಳ ಕೆಳಗೆ ಇಲ್ಲವೇ ಇಲ್ಲ. ಊರಿನವರೇ ತಲೆಮಾರುಗಳಿಂದ ತೋಡ್ಕೊಂಡು ಬಂದ ಮಣ್ಣಿನ ಕಾಲುವೆ, ಚಿಲುಮೆ ನೀರು, ಕಾರೇಜ್ (ಅಂತರ್ಜಲವನ್ನ ಹೊರಗೆ ತರೋ ನೆಲದಡಿ ಸುರಂಗ) ಇವೇ ಹತ್ತರಲ್ಲಿ ಒಂಬತ್ತು ಭಾಗ. ಅಂದ್ರೆ ಇಂಜಿನಿಯರ್ ಹೋಗೋಕೆ ಮುಂಚೆನೇ ಅಲ್ಲೊಂದು ಪೂರ್ತಿ ವ್ಯವಸ್ಥೆ ಇತ್ತು.

ಆ ವ್ಯವಸ್ಥೆ ನಡೆಸೋನು ಮಿರಾಬ್. ನಮ್ಮ ಕೆರೆ ಬಯಲಿನಲ್ಲಿ ನೀರಗಂಟಿ ಇದ್ದ ಹಾಗೆ ಅಂದ್ಕೊಳ್ಳಿ, ತೂಬು ಎತ್ತೋದು, ಪಾಳಿ ಪ್ರಕಾರ ನೀರು ಬಿಡೋದು, ಕಣದಲ್ಲಿ ಆಯ ತಗೊಳ್ಳೋದು, ಎಲ್ಲಾ ಅದೇ ಥರ. ಒಂದು ಕಾಲುವೆ ಕೆಳಗಿನ ಊರುಗಳ ರೈತರು ಸೇರಿ ಮಿರಾಬ್‌ನ ಆರಿಸ್ತಾರೆ, ಅವನಿಗೆ ಕೂಲಿ ಹೆಚ್ಚಾಗಿ ಗೋಧಿ ಲೆಕ್ಕದಲ್ಲಿ, ಯಾರ ಜಮೀನಿಗೆ ಎಷ್ಟು ಗಂಟೆ ನೀರು ಅನ್ನೋದು ಅವನ ಬಾಯಲ್ಲಿ ಇರುತ್ತೆ. ಬೇಸಾಯ ಶುರು ಆಗೋಕೆ ಮುಂಚೆ ಹಶರ್ ಅಂತ ಮಾಡ್ತಾರೆ, ಮನೆಗಿಷ್ಟು ಆಳು ಅಂತ ಬಂದು ಹೂಳು ಎತ್ತೋದು, ಜಮೀನು ಜಾಸ್ತಿ ಇರೋರು ಜಾಸ್ತಿ ಆಳು ಕಳಿಸ್ಬೇಕು, ಬರದವರಿಗೆ ದಂಡ. ನದಿಗೆ ಅಡ್ಡ ಹಾಕೋ ಒಡ್ಡಿಗೆ ಸರ್‌ಬಂದ್ ಅಂತಾರೆ, ಮರದ ಕೊಂಬೆ, ಕಲ್ಲು, ಹುಲ್ಲು, ಮಣ್ಣು ಹಾಕಿ ಕಟ್ಟೋದು, ಪ್ರವಾಹ ಬಂದ್ರೆ ಹೋಗುತ್ತೆ, ಮತ್ತೆ ಕಟ್ತಾರೆ. ಹೊರಗಿಂದ ನೋಡಿದೋರಿಗೆ ಇದು ಹಿಂದುಳಿದ ಪದ್ಧತಿ ಅನ್ಸುತ್ತೆ, ಆದ್ರೆ ಆ ಒಡ್ಡಿನಲ್ಲೇ ಒಂದು ನ್ಯಾಯ ಇದೆ, ಅದಕ್ಕೆ ಬರ್ತೀನಿ.

ಯುದ್ಧ ಇದರಲ್ಲಿ ಏನೇನು ಮುರೀತು? 1979ರಿಂದ 1989ರ ತನಕ ಸೋವಿಯತ್ ಸೇನೆ ಇದ್ದಾಗ ಹೆರಾತ್, ಕಂದಹಾರ್ ಸುತ್ತ ಕಾಲುವೆ, ತೋಟ ಎಲ್ಲಾ ಹಾಳಾದವು, ಹೋರಾಟಗಾರರು ಕಾರೇಜ್ ಸುರಂಗದಲ್ಲಿ ಬಚ್ಚಿಟ್ಕೊಳ್ತಾರೆ ಅಂತ ಸುರಂಗಗಳನ್ನೇ ಕೆಡವಿದ್ರು. ಕಾಬೂಲ್ ಉತ್ತರಕ್ಕಿರೋ ಶೊಮಾಲಿ ಬಯಲಲ್ಲಿ 1999ರಲ್ಲಿ ತಾಲಿಬಾನ್ ದ್ರಾಕ್ಷಿ ತೋಟ ಸುಟ್ಟು ನೀರಿನ ದಾರಿಗಳನ್ನ ಒಡೆದು ಹಾಕಿತು, ಜನ ಗುಳೆ ಹೋದ್ರು. ಕಾಲುವೆ ದಂಡೆ ಉದ್ದಕ್ಕೂ ಮೈನ್, ಅಂದ್ರೆ ನೆಲಬಾಂಬ್ ಹುಗಿದಿದ್ರು, ಹಾಗಾಗಿ ಹೂಳೆತ್ತೋಕೆ ಸಲಿಕೆ ಹಾಕೋಕೂ ಮುಂಚೆ ಮೈನ್ ತೆಗೆಯೋ ತಂಡ ಬರಬೇಕಿತ್ತು. ಆದ್ರೆ ನನ್ನ ಪ್ರಕಾರ ಇದಕ್ಕಿಂತ ದೊಡ್ಡ ನಷ್ಟ ಬಾಂಬಿಂದ ಆಗಿದ್ದಲ್ಲ. ಲಕ್ಷಗಟ್ಟಲೆ ಜನ ಪಾಕಿಸ್ತಾನ, ಇರಾನ್‌ಗೆ ಹೋದ ಮೇಲೆ ಹಶರ್‌ಗೆ ಆಳೇ ಇಲ್ಲ, ಹತ್ತು ವರ್ಷ ಹೂಳೆತ್ತದ ಕಾಲುವೆ ತಾನಾಗೇ ಮುಚ್ಚಿ ಹೋಗುತ್ತೆ. ಬಂದೂಕು ಇದ್ದೋನು ಮೇಲ್ಭಾಗದಲ್ಲಿ ಹೊಸ ಜಮೀನು ಮಾಡ್ಕೊಂಡು ನೀರು ತಿರುಗಿಸ್ಕೊಂಡ, ಮಿರಾಬ್ ಮಾತು ಕೇಳೋರು ಯಾರು? ಇಪ್ಪತ್ತು ವರ್ಷ ಬಿಟ್ಟು ಊರಿಗೆ ವಾಪಸ್ ಬಂದೋನಿಗೆ ಜಮೀನಿನ ಪತ್ರ ಇದ್ರೂ ನೀರಿನ ಪಾಳಿ ಬೇರೆಯೋರ ಕೈಲಿ ಇರುತ್ತೆ. ಸಿಮೆಂಟ್ ಹಾಕಿದ್ರೆ ಈ ಜಗಳ ಬಗೆಹರಿಯಲ್ಲ.

ಕಾರೇಜ್ ಅಂದೆ, ನಿಮಗೆ ನೋಡ್ಬೇಕು ಅನ್ಸಿದ್ರೆ ಅಷ್ಟು ದೂರ ಹೋಗೋದೇ ಬೇಡ, ಬೀದರ್ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ, ನೆಲದಡಿ ಸುರಂಗ, ಮೇಲೆ ಸಾಲಾಗಿ ಬಾವಿ ಬಾಯಿಗಳು. ಇರಾನ್ ಕಡೆಯಿಂದ ಬಂದ ಅದೇ ವಿದ್ಯೆ. ಬೆಟ್ಟದ ಬುಡದಲ್ಲಿ ತಾಯಿ ಬಾವಿ ತೋಡಿ ಅಂತರ್ಜಲ ಮುಟ್ಟೋದು, ಅಲ್ಲಿಂದ ಸ್ವಲ್ಪ ಸ್ವಲ್ಪ ಇಳಿಜಾರು ಕೊಟ್ಟು ಸುರಂಗ ತಂದ್ರೆ ಪಂಪ್ ಇಲ್ಲದೆ ನೀರು ತಾನಾಗಿ ಹೊರಗೆ ಬರುತ್ತೆ. ಇದರ ಒಳ್ಳೇ ಗುಣ ಏನಂದ್ರೆ ಅಂತರ್ಜಲ ಎಷ್ಟಿದೆಯೋ ಅಷ್ಟೇ ಕೊಡುತ್ತೆ, ಜಾಸ್ತಿ ಎಳೆಯೋಕೆ ಆಗಲ್ಲ.

ಈಗ ರಿಪೇರಿ ವಿಷಯ. 2001ರ ನಂತರ ದುಡ್ಡು ಬಂತು, ವರ್ಲ್ಡ್ ಬ್ಯಾಂಕ್ 2004ರಲ್ಲಿ ತುರ್ತು ನೀರಾವರಿ ರಿಪೇರಿ ಯೋಜನೆ ಶುರು ಮಾಡ್ತು, ಬೇರೆ ಬೇರೆ ದೇಶದ ಸಂಸ್ಥೆಗಳೂ ಬಂದ್ವು. ಒಳ್ಳೇ ಕೆಲಸ ತುಂಬಾನೇ ಆಗಿದೆ, ಮುಚ್ಚಿ ಹೋದ ಎಷ್ಟೋ ಕಾಲುವೆಯಲ್ಲಿ ಮತ್ತೆ ನೀರು ಹರೀತು, ಅದನ್ನ ಯಾರೂ ಅಲ್ಲಗಳೆಯಬಾರದು. ಆದ್ರೆ ಎರಡು ತಪ್ಪು ಮತ್ತೆ ಮತ್ತೆ ಆದ್ವು, ನೀವು ಇಂಜಿನಿಯರ್ ಆಗೋರು ಅದಕ್ಕೆ ಇದನ್ನ ಬಿಡಿಸಿ ಹೇಳ್ತೀನಿ.

ಒಂದು, ಆ ಕೊಂಬೆ ಕಲ್ಲಿನ ಸರ್‌ಬಂದ್ ತೆಗೆದು ಕಾಂಕ್ರೀಟ್ ಒಡ್ಡು ಹಾಕೋದು. ಹಳೇ ಒಡ್ಡು ಸೋರುತ್ತೆ, ಸಂದಿಯಿಂದ ನೀರು ಕೆಳಗೆ ಹೋಗ್ತಾನೇ ಇರುತ್ತೆ, ಆ ಸೋರಿದ ನೀರನ್ನ ಮುಂದಿನ ಊರಿನ ಒಡ್ಡು ಹಿಡ್ಕೊಳ್ಳುತ್ತೆ, ಅದರಲ್ಲಿ ಸೋರಿದ್ದನ್ನ ಅದಕ್ಕೂ ಕೆಳಗಿನೋರು. ಇಂಜಿನಿಯರ್ ಬಂದು ಒಂದು ತೊಟ್ಟೂ ಸೋರದ ಹಾಗೆ ಕಟ್ಟಿಕೊಟ್ಟ ಅಂದ್ರೆ ಮೇಲಿನ ಊರಿಗೆ ಖುಷಿ, ಕೆಳಗಿನ ಊರುಗಳಿಗೆ ಆಗಸ್ಟ್ ತಿಂಗಳಲ್ಲಿ ನೀರೇ ಇಲ್ಲ. ಹಳೇ ಒಡ್ಡು ವರ್ಷ ವರ್ಷ ಕೊಚ್ಚಿ ಹೋಗೋದೂ ಒಂದು ರೀತಿ ಕೆಳಗಿನೋರಿಗೆ ರಕ್ಷಣೆ ಆಗಿತ್ತು, ಯಾಕಂದ್ರೆ ಮತ್ತೆ ಕಟ್ಟೋವಾಗ ಎಲ್ಲಾರೂ ಸೇರ್ಬೇಕು, ಮಾತಾಡ್ಬೇಕು. ಒಂದು ಕಾಲುವೆಗೆ ಡಿಸೈನ್ ಮಾಡೋಕೆ ಮುಂಚೆ ಅದೇ ನದಿಯ ಕೆಳಗಿನ ಕಾಲುವೆಗಳ ಮಿರಾಬ್‌ಗಳನ್ನ ಕೇಳಿಲ್ಲ ಅಂದ್ರೆ ಆ ಡಿಸೈನ್ ಎಷ್ಟೇ ಚೆನ್ನಾಗಿದ್ರೂ ತಪ್ಪೇ.

ಇನ್ನೊಂದು, ಗೇಟು. ಹಳೇ ಪದ್ಧತಿಯಲ್ಲಿ ಕಾಲುವೆ ಕವಲೊಡೆಯೋ ಜಾಗದಲ್ಲಿ ಬರೀ ಕಲ್ಲೋ ಮರದ ದಿಮ್ಮಿಯೋ ಇಟ್ಟು ಅಗಲದ ಲೆಕ್ಕದಲ್ಲಿ ಪಾಲು ಮಾಡ್ತಾರೆ. ಈ ಊರಿಗೆ ಮೂರು ಪಾಲು ಆ ಊರಿಗೆ ಎರಡು ಪಾಲು ಅಂದ್ರೆ ಬಾಯಿನ ಅಗಲ ಮೂರಕ್ಕೆ ಎರಡು, ಅಷ್ಟೇ. ನೀರು ಜಾಸ್ತಿ ಬಂದ್ರೂ ಕಮ್ಮಿ ಬಂದ್ರೂ ಪಾಲು ಹಾಗೇ ಇರುತ್ತೆ, ಓದು ಬರಹ ಬರದ ರೈತನೂ ದಂಡೆ ಮೇಲೆ ನಿಂತು ಗೇಣು ಹಾಕಿ ನೋಡಿ ಮೋಸ ಆಗಿದೆಯಾ ಇಲ್ವಾ ಹೇಳಬಹುದು. ಅದನ್ನ ತೆಗೆದು ತಿರುಪಿನ ಸ್ಟೀಲ್ ಗೇಟ್ ಹಾಕಿದ್ರೆ ಎಷ್ಟು ನೀರು ಹೋಗ್ತಿದೆ ಅಂತ ನೋಡಿದ್ರೆ ಗೊತ್ತಾಗಲ್ಲ, ಹ್ಯಾಂಡಲ್ ಯಾರ ಕೈಲಿದೆಯೋ ಅವನೇ ದೊರೆ. ಯುದ್ಧದಿಂದ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋಗಿರೋ ಊರಲ್ಲಿ ಕಣ್ಣಿಗೆ ಕಾಣೋ ಪಾಲೇ ಬೇಕು. ನಮ್ಮ ಕಡೆನೂ ನೀವು ಕಾಲುವೆ ಕೊನೇ ಭಾಗದ ರೈತರನ್ನ ಕೇಳಿ ನೋಡಿ, ಗೇಟ್ ಬಗ್ಗೆ ಅವರೇ ಹೇಳ್ತಾರೆ.

ಸರಿಯಾಗಿ ಮಾಡಿದ ಕೆಲಸ ಯಾವುದು ಅಂತ ನೀವು ಕೇಳೇ ಕೇಳ್ತೀರ, ಅದಕ್ಕೆ ಉದಾಹರಣೆ ಪೂರ್ವದ ನಂಗರ್‌ಹಾರ್ ಪ್ರಾಂತ್ಯದ ಮರ್ವಾರಿದ್ ಕಾಲುವೆ. ಕಟ್ಟಿಸಿದ್ದು ಟೆಟ್ಸು ನಕಮುರಾ ಅನ್ನೋ ಜಪಾನಿನ ಡಾಕ್ಟರ್, ಇಂಜಿನಿಯರ್ ಅಲ್ಲ. 1984ರಲ್ಲಿ ಪೇಶಾವರಕ್ಕೆ ಕುಷ್ಠರೋಗದ ಚಿಕಿತ್ಸೆಗೆ ಅಂತ ಬಂದೋರು, ಆಮೇಲೆ ಅಫ್ಘಾನಿಸ್ತಾನದ ಹಳ್ಳಿಗಳಲ್ಲಿ ಕ್ಲಿನಿಕ್ ನಡೆಸ್ತಿದ್ರು, 2000ದ ಭೀಕರ ಬರದಲ್ಲಿ ಮಕ್ಕಳು ಕೆಟ್ಟ ನೀರು ಕುಡಿದು, ಊಟ ಇಲ್ಲದೆ ಸಾಯೋದು ನೋಡಿ ಔಷಧಿಗಿಂತ ಮೊದಲು ನೀರು ಬೇಕು ಅಂತ ತೀರ್ಮಾನ ಮಾಡಿದ್ರು. ಮೊದಲು ಬಾವಿ ತೋಡಿಸಿದ್ರು, ಅಂತರ್ಜಲ ಇಳೀತಾ ಇರೋದು ನೋಡಿ 2003ರಲ್ಲಿ ಕುನಾರ್ ನದಿಯಿಂದ ಕಾಲುವೆ ಶುರು ಮಾಡಿದ್ರು. ಸುಮಾರು 25 ಕಿಲೋಮೀಟರ್ ಕಾಲುವೆ 2010ರ ಹೊತ್ತಿಗೆ ಗಂಬೇರಿ ಮರುಭೂಮಿ ತಲುಪ್ತು, ಈಗ ಅಲ್ಲಿ ಗೋಧಿ, ಕಿತ್ತಳೆ ಬೆಳೀತಾರೆ. ಅವರ ತಂಡದ ಎಲ್ಲಾ ಕೆಲಸ ಸೇರಿ 16,000 ಹೆಕ್ಟೇರ್‌ಗೂ ಮೇಲೆ ನೀರು ಕಂಡಿದೆ.

ಆ ಕಾಲುವೆ ಕಟ್ಟಿದ ರೀತಿ ನೋಡಿ. ದಂಡೆಗೆ ಗೋಡೆ ಅಂದ್ರೆ ತಂತಿ ಬುಟ್ಟಿಯಲ್ಲಿ ಕಲ್ಲು ತುಂಬಿ ಪೇರಿಸೋದು, ನಾವು ಗೇಬಿಯನ್ ಅಂತೀವಲ್ಲ ಅದೇ. ತಂತಿ ಬುಟ್ಟಿ ಹೆಣೆಯೋದೂ ಅಲ್ಲೇ ವರ್ಕ್‌ಶಾಪ್ ಮಾಡಿ ಊರಿನವರಿಂದಲೇ. ಬುಟ್ಟಿ ಹಿಂದೆ ಸಾಲಾಗಿ ವಿಲ್ಲೋ ಗಿಡ ನೆಟ್ರು, ಅದು ನೀರಿನ ಪಕ್ಕ ಬೇಗ ಬೇರು ಬಿಡೋ ಮರ, ಆ ಬೇರು ಕಲ್ಲಿನ ಸಂದಿಗೆ ಇಳಿದು ಬಲೆ ಹೆಣೆದ ಹಾಗೆ ಹಿಡ್ಕೊಳ್ಳುತ್ತೆ, ವರ್ಷಗಳು ಕಳೆದು ತಂತಿ ತುಕ್ಕು ಹಿಡಿದು ಹೋದ್ರೂ ಗೋಡೆ ನಿಲ್ಲುತ್ತೆ. ಕಲ್ಲು ಜರುಗಿದ್ರೆ ರಿಪೇರಿ ಮಾಡೋಕೆ ಕಾಂಟ್ರಾಕ್ಟರ್ ಬೇಡ, ಅಲ್ಲಿಯ ಜನ ಮನೆ ಗೋಡೆ, ಹೊಲದ ಗೋಡೆ ಕಲ್ಲಲ್ಲೇ ಕಟ್ಟೋರು, ಅವರಿಗೆ ಕೈ ಬಂದ ಕೆಲಸ. ನದಿಗೆ ಅಡ್ಡ ಹಾಕೋ ಒಡ್ಡಿನ ವಿಷಯದಲ್ಲಿ ಮೊದಮೊದಲು ಪ್ರವಾಹಕ್ಕೆ ಕೊಚ್ಚಿ ಹೋಗಿ ತುಂಬಾ ಕಷ್ಟಪಟ್ರು. ಆಮೇಲೆ ತಮ್ಮ ಊರಿನ ಕಡೆ, ಫುಕುವೋಕಾದ ಚಿಕುಗೋ ನದಿಯಲ್ಲಿ ಇನ್ನೂರು ವರ್ಷಕ್ಕೂ ಹಳೇದಾದ ಯಮಾದ ಒಡ್ಡನ್ನ ನೋಡಿ ಕಲಿತ್ರು. ಅದು ನದಿಗೆ ನೇರ ಅಡ್ಡ ಇಲ್ಲ, ಓರೆಯಾಗಿ, ಅಗಲವಾಗಿ, ದೊಡ್ಡ ಬಂಡೆ ಹಾಸಿದ್ದು. ಓರೆ ಆದಾಗ ನೀರು ದಾಟೋ ಉದ್ದ ಜಾಸ್ತಿ ಆಗುತ್ತೆ, ಅಂದ್ರೆ ಪ್ರವಾಹದಲ್ಲೂ ನೀರಿನ ಮಟ್ಟ ವಿಪರೀತ ಏರಲ್ಲ, ಚಳಿಗಾಲದಲ್ಲಿ ನದಿ ಇಳಿದಾಗಲೂ ಕಾಲುವೆ ಬಾಯಿಗೆ ಬೇಕಾದಷ್ಟು ಮಟ್ಟ ಸಿಗುತ್ತೆ. ಕಾಲುವೆ ಬಾಯಿಗೆ ಸ್ಟೀಲ್ ಗೇಟ್ ಬದಲು ಮರದ ಹಲಗೆ, ಒಂದರ ಮೇಲೊಂದು ಇಡೋದು. ನೀರು ಹಲಗೆ ಮೇಲಿಂದ ಉಕ್ಕಿ ಒಳಗೆ ಬರೋದ್ರಿಂದ ತಳದ ಮರಳು ಹೊರಗೇ ಉಳಿಯುತ್ತೆ, ಬಂದ ಹೂಳು ಮುಂದೆ ಒಂದು ಕೊಳದಲ್ಲಿ ತಂಗುತ್ತೆ, ಅಲ್ಲಿಂದ ವಾಪಸ್ ನದಿಗೆ ಬಿಡ್ತಾರೆ. ವಿದ್ಯುತ್ ಬೇಡ, ಪಂಪ್ ಬೇಡ, ಹೊರದೇಶದ ಬಿಡಿಭಾಗ ಬೇಡ.

ಕೆಲಸಕ್ಕೆ ಬಂದೋರು ಯಾರು ಗೊತ್ತಾ, ಪಾಕಿಸ್ತಾನದಿಂದ ವಾಪಸ್ ಬಂದ ನಿರಾಶ್ರಿತರು, ಬರಕ್ಕೆ ಊರು ಬಿಟ್ಟ ರೈತರು, ಕೂಲಿ ಸಿಗದೆ ಬಂದೂಕು ಹಿಡಿದಿದ್ದೋರು ಕೂಡ. ತಾವೇ ಕಲ್ಲು ಹೊತ್ತ ಕಾಲುವೆ ಆದ್ದರಿಂದ ಎಲ್ಲಿ ಸೋರುತ್ತೆ, ಎಲ್ಲಿ ಗಟ್ಟಿ ಅಂತ ಅವರಿಗೇ ಗೊತ್ತು. ನಕಮುರಾ ಅವರನ್ನ 2019ರ ಡಿಸೆಂಬರ್ 4ರಂದು ಜಲಾಲಾಬಾದ್‌ನಲ್ಲಿ ಗುಂಡು ಹಾರಿಸಿ ಕೊಂದ್ರು, ಜೊತೆಗಿದ್ದ ಐದು ಜನ ಅಫ್ಘಾನರೂ ಹೋದ್ರು. ಇದನ್ನ ಬರೆಯೋವಾಗ ಈಗಲೂ ಸಂಕಟ ಆಗುತ್ತೆ. ಅವರ ಸಂಸ್ಥೆ ಕೆಲಸ ನಿಲ್ಲಿಸಲಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ದಕ್ಷಿಣದ ಹೆಲ್ಮಂದ್ ನದಿ ಕಣಿವೆ. ಯುದ್ಧಕ್ಕೂ ಮುಂಚಿನ ಕಥೆ, 1946ರಲ್ಲಿ ಅಫ್ಘಾನ್ ಸರ್ಕಾರ ಮೊರಿಸನ್ ನುಡ್ಸೆನ್ ಅನ್ನೋ ಅಮೆರಿಕದ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡು ಅರ್ಘಂದಾಬ್ ನದಿ ಮೇಲೆ ದಹ್ಲಾ ಡ್ಯಾಮ್ 1952ರಲ್ಲಿ, ಹೆಲ್ಮಂದ್ ಮೇಲೆ ಕಜಕಿ ಡ್ಯಾಮ್ 1953ರಲ್ಲಿ ಕಟ್ಟಿದ್ರು. ಬೋಘ್ರಾ ಕಾಲುವೆಯಿಂದ ನಾದ್ ಅಲಿ, ಮಾರ್ಜಾ ಕಡೆ ಹೊಸ ಜಮೀನಿಗೆ ನೀರು ಕೊಟ್ರು, ಆದ್ರೆ ಹೆಚ್ಚಾದ ನೀರನ್ನ ಹೊಲದಿಂದ ಹೊರಗೆ ಹರಿಸೋ ಬಸಿಗಾಲುವೆ ಸಾಕಷ್ಟು ಮಾಡಲಿಲ್ಲ. ಮಣ್ಣಿನ ಕೆಳಗೆ ನೀರು ಇಳಿಯದ ಗಟ್ಟಿ ಪದರ ಇತ್ತು, ನೀರು ನಿಂತು ಜೌಗಾಯ್ತು, ಉಪ್ಪು ಮೇಲೆ ಬಂದು ಜಮೀನು ಸವುಳಾಯ್ತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸಿಂಧನೂರು, ಗಂಗಾವತಿ ಕಡೆ ಸವುಳು ಜಮೀನು ನೋಡಿರೋರಿಗೆ ಇದನ್ನ ವಿವರಿಸೋದೇ ಬೇಡ. ಬಸಿಗಾಲುವೆ ದುಡ್ಡು ಕೊನೆಗೆ ಇಡೋಣ ಅಂತ ಬಿಡೋದು ಎಲ್ಲಾ ಕಡೆ ನಡೆಯೋದೇ, ಯುದ್ಧದ ದೇಶದಲ್ಲಿ ಆ ಕೊನೆ ಬರೋದೇ ಇಲ್ಲ. ಮುಂದೆ ಕಜಕಿಯಲ್ಲಿ ಇನ್ನೊಂದಾಯ್ತು. 2008ರಲ್ಲಿ ಬ್ರಿಟಿಷ್ ಸೇನೆ ಮುಂದೆ ನಿಂತು ಸಾವಿರಾರು ಸೈನಿಕರ ಕಾವಲಲ್ಲಿ ವಿದ್ಯುತ್ ಟರ್ಬೈನ್ ಒಂದನ್ನ ಅಲ್ಲಿಗೆ ಸಾಗಿಸ್ತು, ಜೋಡಿಸೋಕೆ ಬೇಕಾದ ಸಿಮೆಂಟ್ ತರೋ ರಸ್ತೆ ಸುರಕ್ಷಿತ ಇಲ್ಲದೆ ಅದು ವರ್ಷಗಟ್ಟಲೆ ಹಾಗೇ ಬಿದ್ದಿತ್ತು, ಜೋಡಣೆ ಆಗಿದ್ದು 2016ರಲ್ಲಿ.

ಅದೇ 2016ರ ಜೂನ್‌ನಲ್ಲಿ ಸಲ್ಮಾ ಉದ್ಘಾಟನೆ ಆಯ್ತು. ಹೆರಾತ್ ಪ್ರಾಂತ್ಯದ ಚಿಶ್ತ್ ಕಡೆ, ಹರಿರೂದ್ ನದಿ ಮೇಲೆ, 107 ಮೀಟರ್ ಎತ್ತರ, 42 ಮೆಗಾವ್ಯಾಟ್, 75,000 ಹೆಕ್ಟೇರ್‌ಗೆ ನೀರು ಕೊಡೋ ಗುರಿ. ಕೆಲಸ 1976ರಲ್ಲೇ ಶುರುವಾಗಿ ಯುದ್ಧದಿಂದ ನಿಂತು ಹೋಗಿತ್ತು, ನಮ್ಮ ಸರ್ಕಾರಿ ಕಂಪನಿ ವಾಪ್ಕೋಸ್‌ನವರು ಮುಗಿಸಿದ್ರು. ಭಾರತದಿಂದ ಸಾಮಾನು ಇರಾನಿನ ಬಂದರ್ ಅಬ್ಬಾಸ್‌ಗೆ ಹಡಗಲ್ಲಿ ಹೋಗಿ, ಅಲ್ಲಿಂದ ಗಡಿ ತನಕ 1,200 ಕಿಲೋಮೀಟರ್, ಗಡಿಯಿಂದ ಸೈಟ್‌ಗೆ ಮತ್ತೆ 300 ಕಿಲೋಮೀಟರ್ ರಸ್ತೆ. ಅಂಥ ಜಾಗದಲ್ಲಿ ಕೆಲಸ ಮುಗಿಸಿದ ಇಂಜಿನಿಯರ್‌ಗಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಹಿಮ ಕರಗೋ ನೀರನ್ನ ಮೇನಲ್ಲಿ ಹಿಡಿದು ಆಗಸ್ಟ್‌ನಲ್ಲಿ ಬಿಡೋಕೆ ಡ್ಯಾಮ್ ಬಿಟ್ರೆ ಬೇರೆ ದಾರಿ ಕಮ್ಮಿ, ಅದಕ್ಕೇ ಡ್ಯಾಮ್ ಬೇಕು ಅಂದಿದ್ದು. ಆದ್ರೆ ಆ ನೀರು ಕೊನೆಗೆ ಹೋಗೋದು ಹೆರಾತ್‌ನ ಹಳೇ ಮಣ್ಣಿನ ಕಾಲುವೆಗಳಿಗೇ, ಹಂಚೋದು ಮಿರಾಬ್‌ಗಳೇ. ಕಾಲುವೆ ಬಾಯಿ, ಬಸಿಗಾಲುವೆ, ಪಾಳಿ ಸರಿ ಇದ್ರೆ ಡ್ಯಾಮಿನ ಪ್ರತಿ ಹನಿಗೂ ಬೆಲೆ ಬರುತ್ತೆ. ಒಳ್ಳೇದಂದ್ರೆ 2009ರ ಅಲ್ಲಿಯ ನೀರಿನ ಕಾನೂನು ಮಿರಾಬ್ ಪದ್ಧತಿನ ಒಪ್ಪಿ, ನದಿ ಕಣಿವೆ ಮಂಡಳಿ, ನೀರು ಬಳಕೆದಾರರ ಸಂಘ ಎಲ್ಲಾ ಮಾಡ್ಬೇಕು ಅಂತ ಹೇಳ್ತು, ಊರಿಗೆ ಇಳಿಯೋದು ನಿಧಾನ ಆಯ್ತು.

ಯಾರೂ ಮಾತಾಡದ ಇನ್ನೊಂದು ನಷ್ಟ ಇದೆ, ದಾಖಲೆ. ನದಿ ನೀರಿನ ಮಟ್ಟ ಅಳೆಯೋ ಸ್ಟೇಷನ್‌ಗಳು ಸೋವಿಯತ್ ಸೇನೆ ಬಂದ ಮೇಲೆ 1980ರ ಹೊತ್ತಿಗೆ ನಿಂತು ಹೋದ್ವು, ಮತ್ತೆ ಹಾಕೋಕೆ ಶುರು ಮಾಡಿದ್ದು 2000ದ ದಶಕದಲ್ಲಿ. ಎರಡು ದಶಕಕ್ಕೂ ಮೇಲೆ ಖಾಲಿ. ಸೇತುವೆ, ಒಡ್ಡು ಡಿಸೈನ್ ಮಾಡೋಕೆ ನೂರು ವರ್ಷದ ಪ್ರವಾಹ, ಅಂದ್ರೆ ಸರಾಸರಿ ನೂರು ವರ್ಷಕ್ಕೊಮ್ಮೆ ಬರೋ ಪ್ರವಾಹ ಎಷ್ಟು ಅಂತ ಬೇಕಲ್ಲ, ಅಂಕಿ ಅಂಶವೇ ಇಲ್ಲ ಅಂದ್ರೆ ಏನು ಹಾಕ್ತೀರ? ಊರಿನ ಹಿರಿಯರನ್ನ ಕೇಳ್ಬೇಕು, ಯಾವ ವರ್ಷ ನೀರು ಯಾವ ಮರದ ತನಕ ಬಂದಿತ್ತು ಅಂತ, ಬಂಡೆ ಮೇಲಿನ ಗುರುತು ನೋಡ್ಬೇಕು, ಸ್ಯಾಟಲೈಟ್‌ನಿಂದ ಹಿಮದ ವಿಸ್ತೀರ್ಣ ತಗೋಬೇಕು. ಯುದ್ಧ ನಿಂತ ತಕ್ಷಣ ಮೊದಲ ತಿಂಗಳಲ್ಲೇ ಹಾಕಬೇಕಾದ್ದು ನದಿಗೆ ಅಳತೆ ಪಟ್ಟಿ, ಖರ್ಚು ಏನೇನೂ ಇಲ್ಲ.

ಇತ್ತೀಚಿನ ಅಪಾಯ ಸೋಲಾರ್ ಪಂಪ್. ಹೆಲ್ಮಂದ್, ಫರಾಹ್, ಕಂದಹಾರ್ ಕಡೆ ಮರುಭೂಮಿಯಲ್ಲಿ ಬೋರ್ ಕೊರೆಸಿ ಸೋಲಾರ್ ಹಾಕಿ ಬೇಸಾಯ ಮಾಡ್ತಿದಾರೆ, ಡೀಸೆಲ್ ಖರ್ಚಿಲ್ಲ, ಹಾಗಾಗಿ ಬೆಳಗ್ಗೆಯಿಂದ ಸಂಜೆ ತನಕ ನೀರು ಎತ್ತೋದೇ. ಅಂತರ್ಜಲ ಇಳೀತಾ ಇದೆ, ಪಕ್ಕದಲ್ಲಿ ಬೋರ್ ಬಂದ ಕೂಡ್ಲೇ ಕಾರೇಜ್ ಒಣಗುತ್ತೆ, ಕಾರೇಜ್ ಒಣಗಿದ್ರೆ ಅದನ್ನ ನಂಬಿದ್ದ ಊರೇ ಖಾಲಿ. ರೈತರನ್ನ ಬೈಯೋಕೆ ಆಗಲ್ಲ, ಕಾಲುವೆ ನೀರು ನಂಬೋ ಹಾಗಿದ್ದಿದ್ರೆ ಅವರ್ಯಾಕೆ ಸಾಲ ಮಾಡಿ ಬೋರ್ ಕೊರೆಸ್ತಿದ್ರು?

ನೆರೆ ದೇಶದ ಮಾತು ಸಣ್ಣದಾಗಿ ಹೇಳ್ತೀನಿ. ಅಫ್ಘಾನಿಸ್ತಾನದ ದೊಡ್ಡ ನದಿಗಳೆಲ್ಲ ಗಡಿಗೆ ಹೋಗೋದು ಇಲ್ಲಾ ಗಡಿ ದಾಟೋದು. ಅದರಲ್ಲಿ ಲಿಖಿತ ಒಪ್ಪಂದ ಇರೋದು ಮುಖ್ಯವಾಗಿ ಹೆಲ್ಮಂದ್‌ಗೆ, 1973ರಲ್ಲಿ ಇರಾನ್ ಜೊತೆ, ಸಾಮಾನ್ಯ ವರ್ಷದಲ್ಲಿ ಸೆಕೆಂಡಿಗೆ 26 ಕ್ಯೂಬಿಕ್ ಮೀಟರ್ ಬಿಡ್ಬೇಕು ಅಂತ, ಅದರ ಮೇಲೂ 2023ರಲ್ಲಿ ಗಡಿಯಲ್ಲಿ ಗುಂಡು ಹಾರಿತು. ಈಗ ತಾಲಿಬಾನ್ 2022ರಿಂದ ಉತ್ತರ ಗಡಿಯ ಅಮು ದರಿಯಾ ನದಿಯಿಂದ 285 ಕಿಲೋಮೀಟರ್ ಕೋಶ್ ತೆಪಾ ಕಾಲುವೆ ತೋಡ್ತಿದೆ, ಅಫ್ಘಾನಿಸ್ತಾನದ ಜನಕ್ಕೆ ತಮ್ಮ ನದಿ ನೀರು ಬಳಸೋ ಹಕ್ಕು ಇದ್ದೇ ಇದೆ, ಆದ್ರೆ ಮರಳು ನೆಲದಲ್ಲಿ ಲೈನಿಂಗ್ (ನೀರು ಇಂಗದ ಹಾಗೆ ಹಾಕೋ ಒಳಹಾಸು) ಇಲ್ಲದ ಕಾಲುವೆ, ಬಸಿಗಾಲುವೆ ಬಗ್ಗೆ ಕಾಳಜಿ ಕಾಣ್ತಿಲ್ಲ, ಕೆಳಗಿನ ಉಜ್ಬೇಕಿಸ್ತಾನ, ತುರ್ಕ್‌ಮೆನಿಸ್ತಾನದ ಜೊತೆ ಒಪ್ಪಂದ ಇಲ್ಲ. ಹೆಲ್ಮಂದ್‌ನಲ್ಲಿ ಆದ ಸವುಳು ಅಲ್ಲೂ ಆಗಬಾರದು ಅಂತ ನನಗೆ ನಿಜಕ್ಕೂ ಆತಂಕ.

ನಿಮ್ಮ ಪ್ರಾಜೆಕ್ಟ್ ವಿಷಯಕ್ಕೆ ಬಂದ್ರೆ, ಇಡೀ ಅಫ್ಘಾನಿಸ್ತಾನ ತಗೋಬೇಡಿ, ಮುಗಿಯಲ್ಲ. ಅಗಲದ ಲೆಕ್ಕದಲ್ಲಿ ಪಾಲು ಮಾಡೋ ವಿಭಾಜಕವನ್ನೂ ತಿರುಪಿನ ಗೇಟನ್ನೂ ಲ್ಯಾಬ್ ಫ್ಲೂಮ್‌ನಲ್ಲಿ (ನೀರು ಹರಿಸಿ ನೋಡೋ ಉದ್ದ ತೊಟ್ಟಿ) ಸಣ್ಣ ಮಾಡೆಲ್ ಮಾಡಿ, ನೀರು ಅರ್ಧ ಆದಾಗ, ಕಾಲು ಭಾಗ ಆದಾಗ ಪಾಲು ಎಷ್ಟು ತಪ್ಪುತ್ತೆ ಅಂತ ಅಳೀರಿ, ಮುಂದೆ ಹೂಳು ಹಾಕಿ ಇನ್ನೊಮ್ಮೆ ಅಳೀರಿ. ಇಲ್ಲಾಂದ್ರೆ ಓರೆ ಒಡ್ಡು ಮತ್ತೆ ನೇರ ಒಡ್ಡು, ಒಂದೇ ಪ್ರವಾಹಕ್ಕೆ ನೀರಿನ ಮಟ್ಟ ಎಷ್ಟು ವ್ಯತ್ಯಾಸ ಬರುತ್ತೆ ನೋಡಿ. ಜೊತೆಗೆ ಬೀದರ್‌ಗೆ ಹೋಗಿ ಕರೇಜ್ ನೋಡ್ಕೊಂಡು ಬನ್ನಿ, ನಿಮ್ಮ ಊರ ಹತ್ರ ಹಳೇ ಕೆರೆ ಇದ್ರೆ ನೀರಗಂಟಿ ಮನೆತನದೋರು ಯಾರಾದ್ರೂ ಇದಾರಾ ಕೇಳಿ, ಪಾಳಿ ಹೇಗೆ ಮಾಡ್ತಿದ್ರು ಅಂತ ಬರ್ಕೊಂಡು ಬನ್ನಿ. ಅಳತೆ ತಗೊಂಡ ಮೇಲೆ ಲೆಕ್ಕದಲ್ಲಿ ಎಲ್ಲಾದ್ರೂ ಸಿಕ್ಕಿ ಹಾಕ್ಕೊಂಡ್ರೆ ಅಂಕಿ ಸಮೇತ ಮತ್ತೆ ಕೇಳಿ, ನೋಡಿ ಹೇಳ್ತೀನಿ.